ಎಮ್ಮೆಗಳಿಲ್ಲದ ಸರೋವರ

18ನೆಯ ಶತಮಾನದಲ್ಲಿ ಭರತಪುರದ ಅರಸು ಸೂರಜಮಲ್ಲನು ಅಜಾನ್ ಕಟ್ಟೆಯನ್ನು ಕಟ್ಟಿಸಿದಾಗ, ಅದರ ನೀರು ಹಬ್ಬಿ ನಿಲ್ಲುವ ತಗ್ಗುನೆಲವು ಮುಂದೊಂದು ದಿನ ಜಗದ್ವಿಖ್ಯಾತ ಪಕ್ಷಿಧಾಮವಾದೀತೆಂಬ ಕಲ್ಪನೆ ಅವನಿಗೆ ಇದ್ದಿರಲಾರದು. ನಡುವಣ ಶಿವಾಲಯದಿಂದ ಕೇವಲಾದೇವವೆಂದು ಹೆಸರಾದ ಆ ಜವುಗುಭೂಮಿ ಅವನ ವಂಶಜರಿಗೆ ಬಾತುಕೋಳಿಗಳ ಬೇಟೆಯ ನೆಲೆಯಾಯಿತು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಕೆಡಹಿದ ಲೆಕ್ಕವನ್ನು ಅಲ್ಲಿಯ ಶಿಲಾಫಲಕವು ಇಂದಿಗೂ ನಿಸ್ಸಂಕೋಚವಾಗಿ ಸಾರುತ್ತಿದೆ.

ಫಲಕದಲ್ಲಿ ಹೆಸರಿಲ್ಲದ ಪರಿಚಾರಕನೆಂದರೆ ಸುತ್ತಣ ಹಳ್ಳಿಗಳ ಎಮ್ಮೆ. ಆಡುಕುರಿಗಳು ಕಾಲಿಡಲೊಲ್ಲದ ಕೆಸರಿನಲ್ಲಿ ತನ್ನ ಅಗಲವಾದ ಗೊರಸುಗಳನ್ನೂರಿ, ಹೊಟ್ಟೆಯವರೆಗಿನ ನೀರಿನಲ್ಲಿ ನಿಂತು, ಜಲತೃಣವನ್ನು ಸಾವಕಾಶವಾಗಿ ಮೇಯುತ್ತ, ತನಗರಿವಿಲ್ಲದೆಯೇ ಅದು ಹಕ್ಕಿಗಳು ಈಜಲು ಬೇಕಾದ ತೆರಪನ್ನು ಕಾಯ್ದುಕೊಡುತ್ತಿತ್ತು. ಎಮ್ಮೆಯ ಮಂದಗತಿಯನ್ನು ಹಳಿಯುವ ನಮಗೆ ಈ ಉದ್ಯೋಗ ಕಾಣದೆ ಹೋದುದರಲ್ಲಿ ಆಶ್ಚರ್ಯವೇನು!

1981ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಮೇಲೆ ಕಾನೂನಿನ ಪ್ರಕಾರ ಅಲ್ಲಿ ದನ ಮೇಯಿಸುವುದು ನಿಷಿದ್ಧವಾಯಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರಂಥವರೂ ಆ ನಿಷೇಧವನ್ನು ಹಕ್ಕಿಗಳ ಹಿತಕ್ಕೆಂದೇ ಬಯಸಿದ್ದರು. 1982ರ ನವೆಂಬರಿನಲ್ಲಿ ಅದು ಜಾರಿಗೆ ಬಂದಾಗ ತಲೆತಲಾಂತರದ ಹಕ್ಕನ್ನು ಬಿಡಲೊಪ್ಪದ ಹಳ್ಳಿಗರಿಗೂ ಪೊಲೀಸರಿಗೂ ನಡೆದ ಘರ್ಷಣೆಯಲ್ಲಿ ಗುಂಡು ಹಾರಿ ಹಲವರು ಪ್ರಾಣ ತೆತ್ತರು. ಕಾಲದ ವಿನೋದವನ್ನು ನೋಡಿರಿ: ಮರುವರ್ಷವೇ ಹಾಲೆಂಡಿನಲ್ಲಿ, ಸಮುದ್ರವನ್ನು ಹಿಂದೂಡಿ ಪಡೆದ ಊಸ್ಟ್‌ವಾರ್ಡರ್ಸ್‌ಪ್ಲಾಸೆನ್ ಎಂಬ ಜವುಗಿಗೆ, ಮಳೆ ಚಳಿಗಳಿಗೆ ಅಂಜದ ಹೆಕ್ ತಳಿಯ ದನಗಳನ್ನೂ, ಅದರ ಬೆನ್ನಿಗೇ ಕೋನಿಕ್ ಕುದುರೆಗಳನ್ನೂ, ಗಿಡಗಂಟಿಗಳು ಬಯಲನ್ನು ಮುಚ್ಚದಿರಲೆಂದೇ ತಂದು ಬಿಟ್ಟರು.

ಇತ್ತ ಭರತಪುರದಲ್ಲಿ, ಮೇಯುವ ಬಾಯಿಲ್ಲದೆ ಸೊಕ್ಕಿದ ಪಾಸ್ಪಾಲಮ್ ಹುಲ್ಲು ತಿಳಿನೀರನ್ನು ಹೊದ್ದು ಮುಚ್ಚಿತು. ಆ ದಶಕದುದ್ದಕ್ಕೂ ಅಲ್ಲಿ ನೆಲೆನಿಂತು ಅಧ್ಯಯನ ನಡೆಸಿದ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ವಿಜ್ಞಾನಿಗಳು, ಎಮ್ಮೆಗಳು ಜವುಗಿಗೆ ಉಪಕಾರಿಗಳೇ ಆಗಿದ್ದುವೆಂಬ ನಿರ್ಣಯಕ್ಕೆ ಬಂದರು. ತಮ್ಮ ಸಂಘದ ಹಿರಿಯರೇ ಬಯಸಿದ್ದ ನಿಷೇಧಕ್ಕೆ ವಿರುದ್ಧವಾದ ಮಾತನ್ನು ಮರೆಮಾಚದೆ ಬರೆದ ಅವರ ಪ್ರಾಮಾಣಿಕತೆ ಸ್ತುತ್ಯ. ಕಾನೂನು ಮಾತ್ರ ಸಡಿಲಲಿಲ್ಲ. ಕಡೆಗೆ ಹಳ್ಳಿಗರಿಗೆ ಕುಡುಗೋಲು ಹಿಡಿದು ಒಳಹೊಕ್ಕು ಹುಲ್ಲು ಕೊಯ್ಯಲು ಅಪ್ಪಣೆ ದೊರೆಯಿತು. ಒಳಗೆ ಹೋಗಿ ಮೇಯುತ್ತಿದ್ದ ಎಮ್ಮೆಗಳಿಗೆ ಅದೇ ಹುಲ್ಲನ್ನು ಅವರು ಹೊರೆಕಟ್ಟಿ ತಲೆಯ ಮೇಲೆ ಹೊತ್ತು ತಂದರು.