ಕಾಳು, ಹಿಟ್ಟು, ಬುತ್ತಿ

ಉಚಿತವಾಗಿ ಕೊಟ್ಟದ್ದೆಲ್ಲ ಎಲ್ಲರಿಗೂ ತಲುಪುತ್ತದೆಯೆ? ಮುಕ್ತ ತಂತ್ರಾಂಶದ ನಲವತ್ತು ವರ್ಷಗಳ ಚರಿತ್ರೆ ‘ಇಲ್ಲ’ ಎನ್ನುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಪರವಾನಗಿ ಹೇಳಿದರೆ ಅರ್ಧ ಕೆಲಸವಷ್ಟೇ ಆಯಿತು. ಕಪಿಲೆಯ ದಡದ ಸರಗೂರಿನಂಥ ಊರಿನ ಶಾಲೆಯ ಕಂಪ್ಯೂಟರಿಗೆ ಅದು ಮುಟ್ಟುವುದು, ಮುಟ್ಟದಿರುವುದು ಕಟ್ಟಿಕೊಡುವ ರೀತಿಯನ್ನು ಅವಲಂಬಿಸಿದೆ. ಈ ರೀತಿಗಳನ್ನು ರಾಗಿಯ ಲೆಕ್ಕದಲ್ಲಿ ಹೇಳುವುದಾದರೆ ಮೂರು: ಕಾಳು, ಹಿಟ್ಟು, ಬುತ್ತಿ.

ಮೊದಲು ಬಂದದ್ದು ಕಾಳು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಗ್ನು’ ಯೋಜನೆಯನ್ನು ಸಾರಿದರು. 1985ರಲ್ಲಿ ‘ಇಮ್ಯಾಕ್ಸ್’ ಎಂಬ ಬರವಣಿಗೆಯ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿ, 150 ಡಾಲರಿಗೆ ಕಳುಹಿಸಿಕೊಟ್ಟರು. ಅದರಲ್ಲಿದ್ದದ್ದು ಮೂಲ ಸಂಕೇತ, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಬರಹ. ಅದನ್ನು ಯಂತ್ರದ ಭಾಷೆಗೆ ಬೀಸಿಕೊಳ್ಳುವ ಹೊಣೆ ಪಡೆದವರದು. ವಿಶ್ವವಿದ್ಯಾಲಯಗಳಿಗೆ ಇದು ಕಷ್ಟವಲ್ಲ; ಮನೆಯಲ್ಲಿ ಬೀಸುವ ಕಲ್ಲೇ ಇಲ್ಲದವರಿಗೆ ಕಾಳಿನಿಂದ ಪ್ರಯೋಜನವೇನು?

1991ರಲ್ಲಿ ಲಿನಕ್ಸ್ ಹುಟ್ಟಿತು. 1993ರಲ್ಲಿ ಇಯಾನ್ ಮರ್ಡಾಕ್ ‘ಡೆಬಿಯನ್’ ಆರಂಭಿಸಿದರು. ಅದರ ಹಾಗೂ ರೆಡ್ ಹ್ಯಾಟ್ ಸಂಸ್ಥೆಯ ಪ್ಯಾಕೇಜುಗಳು ಬೀಸಿದ ಹಿಟ್ಟನ್ನೇ ಕೊಟ್ಟವು. ಜತೆಗೆ ಇನ್ನೇನೇನು ಬೇಕೆಂಬ ಪಟ್ಟಿಯೂ ಇರುತ್ತಿತ್ತು. 1999ರ ಡೆಬಿಯನ್ ಆವೃತ್ತಿಯೊಂದಿಗೆ ಬಂದ ‘ಆಪ್ಟ್’ ಆ ಪಟ್ಟಿಯನ್ನು ಓದಿ ಎಲ್ಲವನ್ನೂ ತಾನೇ ಉಗ್ರಾಣದಿಂದ ತರುತ್ತಿತ್ತು. ಉಗ್ರಾಣದಲ್ಲಿ ಒಂದು ದೋಷ ತಿದ್ದಿದರೆ ಸಾವಿರಾರು ಕಂಪ್ಯೂಟರುಗಳಲ್ಲಿ ತಿದ್ದಿದಂತಾಯಿತು.

ಕನ್ನಡಕ್ಕೆ ಇದರಿಂದ ಆದ ಉಪಕಾರ ಸಣ್ಣದಲ್ಲ. 1998ರಲ್ಲಿ ಬಂದ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸ್ ಬಳಕೆದಾರರಿಗೆ ಬೆಲೆಯಿಲ್ಲದೆ ದೊರೆತು ಕನ್ನಡವನ್ನು ಮನೆಮನೆಗೆ ಒಯ್ದವು. ಆದರೆ ಆ ದಿನಗಳಲ್ಲಿ ಫಾಂಟುಗಳಿಗೆ ತಮ್ಮದೇ ಸಂಕೇತವಿತ್ತು. ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಪತ್ರ ಅರ್ಥವಿಲ್ಲದ ಗುರುತುಗಳ ರಾಶಿಯಾಗುತ್ತಿತ್ತು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಫಾಂಟು, ಕೀಲಿಮಣೆಯ ವಿನ್ಯಾಸ ಎರಡೂ ಯಂತ್ರದೊಳಗೆ ಬಂದು ಕೂರಬೇಕಿತ್ತು. ಲಿನಕ್ಸಿನಲ್ಲಿ ಆ ಕೆಲಸ ಮಾಡಿದ್ದು ಪ್ಯಾಕೇಜುಗಳು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ‘ಕಗಪ’ ಕೀಲಿಮಣೆ ಅದರೊಳಗೇ ಸೇರಿತು. ರೆಡ್ ಹ್ಯಾಟ್‌ನ ‘ಲೋಹಿತ್’, ಅರವಿಂದ ವಿ.ಕೆ. ಅವರ ‘ಗುಬ್ಬಿ’, ‘ನವಿಲು’ ಫಾಂಟುಗಳನ್ನು ಡೆಬಿಯನ್ ಒಂದೇ ಹೆಸರಿನಡಿ ತಂದಿತು. ಒಂದು ಆದೇಶ ಕೊಟ್ಟರೆ ಮೂರೂ ಬರುತ್ತವೆ.

ಉಗ್ರಾಣಕ್ಕೆ ದಾರಿಯೇ ಇಲ್ಲದಿದ್ದರೆ? ಅಂತರಜಾಲ ದುರ್ಲಭವಾಗಿದ್ದ ಕಾಲದಲ್ಲಿ ‘ಉಬುಂಟು’ ಕೇಳಿದವರಿಗೆ ಉಚಿತ ಸಿ.ಡಿ.ಗಳನ್ನು ಅಂಚೆಯಲ್ಲಿ ಕಳುಹಿಸುತ್ತಿತ್ತು. ಆ ಏರ್ಪಾಡು 2011ರಲ್ಲಿ ನಿಂತಿತು. ಸರಗೂರು, ಎಚ್.ಡಿ. ಕೋಟೆಗಳ ಕಾಡಿನ ಆಚೆಗಿರುವ ಕೇರಳ ಇನ್ನೊಂದು ದಾರಿ ಹಿಡಿಯಿತು. 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಆದ ಅದರ ಶಾಲಾ ಯೋಜನೆ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿದ ಇಡೀ ಲಿನಕ್ಸ್ ವ್ಯವಸ್ಥೆಯನ್ನೇ ಸಿದ್ಧಪಡಿಸಿ ಶಾಲೆಗಳಿಗೆ ಕೊಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಇದರ ವ್ಯಾಪ್ತಿಯೊಳಗೇ ಇವೆ. ಒಂದೊಂದೇ ಪ್ಯಾಕೇಜನ್ನು ಹುಡುಕುವ ಹೊರೆ ಮೇಷ್ಟರ ಮೇಲೆ ಬೀಳಲಿಲ್ಲ.

ಬುತ್ತಿಯ ಕಾಲ ಇತ್ತೀಚಿನದು. ‘ಆಪ್‌ಇಮೇಜ್’, 2016ರಿಂದ ಹೆಸರಾದ ‘ಸ್ನ್ಯಾಪ್’, ‘ಫ್ಲಾಟ್‌ಪ್ಯಾಕ್’ಗಳು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಬಹುಪಾಲು ಪರಿಕರಗಳನ್ನೂ ಒಟ್ಟಿಗೇ ಕಟ್ಟುತ್ತವೆ. ಬೇರೆಬೇರೆ ಬಗೆಯ ಲಿನಕ್ಸಿನಲ್ಲಿ ಒಂದೇ ಬುತ್ತಿ ಸಾಕು. ಆಪ್‌ಇಮೇಜನ್ನು ಪೆನ್‌ಡ್ರೈವಿನಲ್ಲೇ ಒಯ್ಯಬಹುದು. ಆದರೆ ಗಾತ್ರ ದೊಡ್ಡದು. ಒಳಗಿನ ಪರಿಕರವೊಂದು ಕೆಟ್ಟರೆ, ಅದನ್ನು ಸೇರಿಸಿಕೊಂಡ ಬುತ್ತಿಗಳನ್ನೆಲ್ಲ ಮತ್ತೆ ಕಟ್ಟಬೇಕಾಗಬಹುದು.

ಹೀಗಾಗಿ ಯಾವುದು ಶ್ರೇಷ್ಠವೆಂಬ ವಾದಕ್ಕಿಂತ ಪಡೆಯುವವರು ಯಾರೆಂಬ ಪ್ರಶ್ನೆ ಮುಖ್ಯ. ಎಲ್ಲರಿಗೂ ಬೇಕಾದ ಫಾಂಟಿಗೆ ಉಗ್ರಾಣದ ಪ್ಯಾಕೇಜು ಒಳ್ಳೆಯದು. ಹೊಸ ಆವೃತ್ತಿ ಬೇಗ ಬೇಕಾದ ದೊಡ್ಡ ತಂತ್ರಾಂಶಕ್ಕೆ ಬುತ್ತಿ ಸರಿ. ಸಂಪರ್ಕ ದುರ್ಬಲವಾದ ಶಾಲೆಗೆ ಇಡೀ ವ್ಯವಸ್ಥೆಯ ಡಿಸ್ಕೇ ಮೇಲು. ಯಾವುದನ್ನು ಕೊಟ್ಟರೂ ಕಾಳು ಕಣಜದಲ್ಲಿ ಎಲ್ಲರ ಕೈಗೆ ಸಿಗುವಂತಿರಬೇಕು. ಹಿಟ್ಟು, ಬುತ್ತಿ ಇಂದಿನ ಊಟಕ್ಕೆ. ಮುಂದಿನ ಬಿತ್ತನೆಗೆ ಬೇಕಾದದ್ದು ಕಾಳೇ.