ದುಡುಕು ಸ್ವಭಾವವೋ, ಕೈಗೆಟಕುವ ವಿಷವೋ? ಕಂಬಂ ಕಣಿವೆಯ ಕನ್ನಡಿಗರ ಸಂದರ್ಭದಲ್ಲಿ ಆತ್ಮಹತ್ಯೆಯ ಅಪಾಯಾಂಶಗಳು

ತೇನಿಯ ಕಂಬಂ ಕಣಿವೆಯಲ್ಲೂ ದಿಂಡಿಗಲ್ ಸೀಮೆಯಲ್ಲೂ ಕನ್ನಡ ಮನೆಮಾತಿನ ಕಾಪ್ಪಿಲಿಯರು, ಅನುಪ್ಪರು ತಲೆಮಾರುಗಳಿಂದ ಬೇಸಾಯ ಮಾಡುತ್ತಿದ್ದಾರೆ. ಜನಾಂಗ ಅಧ್ಯಯನಕಾರ ಥರ್ಸ್ಟನ್ 1909ರಲ್ಲೇ ಇವರನ್ನು ದಾಖಲಿಸಿದ್ದಾರೆ. ಇವರು ಬದುಕುತ್ತಿರುವ ತಮಿಳುನಾಡಿನಲ್ಲಿ 2022ರ ಆತ್ಮಹತ್ಯೆ ಪ್ರಮಾಣ ಲಕ್ಷಕ್ಕೆ 25.9, ದೇಶದ ಸರಾಸರಿ 12.4. ಮದ್ಯವ್ಯಸನ, ಮನೆಯ ಕಲಹ, ಸಾಲ, ವಾಸಿಯಾಗದ ಕಾಯಿಲೆ ಅಪಾಯವನ್ನು ಹೆಚ್ಚಿಸುತ್ತವೆ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಮತವಿಲ್ಲ.

ಭಿನ್ನಮತವಿರುವುದು ವ್ಯಕ್ತಿಯ ಸ್ವಭಾವದ ವಿಷಯದಲ್ಲಿ. ಲಕ್ಷ್ಮಿ ವಿಜಯಕುಮಾರ್ ಮತ್ತು ರಾಜ್‌ಕುಮಾರ್ ಅವರ ಚೆನ್ನೈ ಅಧ್ಯಯನದಲ್ಲಿ (1999) ಮೃತರಲ್ಲಿ ಶೇ. 88 ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಗುರುರಾಜ್ ಮತ್ತು ಸಂಗಡಿಗರ ಬೆಂಗಳೂರು ಅಧ್ಯಯನದಲ್ಲಿ (2004) ಇದು ಶೇ. 43, ವೆಲ್ಲೂರಿನ ಕಣಿಯಂಬಾಡಿಯ ಹಳ್ಳಿಗಳಲ್ಲಿ (2010) ಶೇ. 37. ಕಾಯಿಲೆ ಕಾಣದ ಉಳಿದವರನ್ನು ‘ದುಡುಕಿನವರು’ ಎಂದು ಬಗೆಯುವುದು ವಾಡಿಕೆಯಾಗಿದೆ. ಇದನ್ನು ನಾನು ಒಪ್ಪಲಾರೆ. ಈ ತೀರ್ಮಾನ ಸಾವಿನ ನಂತರ, ನೊಂದ ಮನೆಯವರ ಮಾತಿನಿಂದ ಹೊರಟದ್ದು. ಕೃತ್ಯ ಹಠಾತ್ತಾಗಿ ನಡೆಯಿತೆಂದರೆ ಮನುಷ್ಯನೇ ದುಡುಕಿನವನೆಂದು ಅರ್ಥವಲ್ಲ. ನಗರದಲ್ಲೂ ಹಳ್ಳಿಯಲ್ಲೂ ಸಂಕಟದ ಗಳಿಗೆ ಬರುತ್ತದೆ, ಕಳೆದೂ ಹೋಗುತ್ತದೆ. ಆದರೆ ಕೀಟನಾಶಕ ಮನೆಯಲ್ಲೇ ಇದ್ದು ಆಸ್ಪತ್ರೆ ದೂರವಿದ್ದಾಗ ಬದುಕುಳಿಯುವ ಅವಕಾಶ ಕುಗ್ಗುತ್ತದೆ. ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ನಿರ್ಬಂಧಿಸಿದ ಮೇಲೆ, ಹತ್ತು ವರ್ಷಗಳಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಳಿಯಿತು. ಅಷ್ಟರಲ್ಲಿ ಒಂದು ಇಡೀ ದೇಶದ ಜನರ ಸ್ವಭಾವ ಬದಲಾಗಿರಲಾರದು.

ಈ ವಾದಕ್ಕೆ ಮಿತಿಗಳಿವೆ. ಖಿನ್ನತೆಯನ್ನು ಮನೆಯವರು ಗುರುತಿಸದೇ ಇದ್ದಿರಬಹುದಾದ್ದರಿಂದ ಕಣಿಯಂಬಾಡಿಯ ಅಂಕಿ ನಿಜಕ್ಕಿಂತ ಕಡಿಮೆಯಿರಲೂಬಹುದು. ಕುಡಿತ ಸಂಯಮವನ್ನು ಸಡಿಲಿಸುವುದರಿಂದ ಸ್ವಭಾವ ಮತ್ತು ಸಂದರ್ಭಗಳನ್ನು ಪೂರ್ತಿ ಬೇರ್ಪಡಿಸಲೂ ಆಗದು. ಶ್ರೀಲಂಕಾದ ಫಲ ಕಂಬಂನ ದ್ರಾಕ್ಷಿ, ಬಾಳೆ ತೋಟಗಳಿಗೆ ಹಾಗೆಯೇ ಅನ್ವಯಿಸುತ್ತದೆಂದೂ ನಾನು ಹೇಳುತ್ತಿಲ್ಲ. ಆದರೂ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಬಳಿಯ ಹಳ್ಳಿಗಳಲ್ಲಿ ಕೀಟನಾಶಕವನ್ನು ಮನೆಯಿಂದಾಚೆ, ಸಾಮೂಹಿಕ ಬೀಗದ ಪೆಟ್ಟಿಗೆಗಳಲ್ಲಿಡುವ ಪ್ರಯೋಗವನ್ನು ರೈತರು ಒಪ್ಪಿಕೊಂಡದ್ದು ಗಮನಾರ್ಹ.

ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕಿದೆ. ಕಾಪ್ಪಿಲಿಯರಲ್ಲಿ ಸೋದರತ್ತೆಯ ಮಗಳನ್ನು ಮದುವೆಯಾಗಲು ಹುಡುಗನಿಗಿದ್ದ ಹಕ್ಕನ್ನು ಥರ್ಸ್ಟನ್ ಒತ್ತಿ ಬರೆದಿದ್ದಾರೆ. ಗಂಡನ ಮನೆಯೂ ತವರೂ ಒಂದೇ ಬಳಗವಾದಾಗ, ಜಗಳವಾದ ಹೆಣ್ಣಿಗೆ ಆ ಬಳಗ ಆಸರೆಯಾಗುತ್ತದೆಯೋ, ಹೊರದಾರಿಯನ್ನೇ ಮುಚ್ಚುತ್ತದೆಯೋ? ಇದನ್ನು ಬದುಕಿರುವವರಿಂದ, ಅವರ ಮನೆಮಾತಿನಲ್ಲೇ ಕೇಳಿ ತಿಳಿಯಬೇಕು. ಅಲ್ಲಿಯವರೆಗೂ ಸಹಾಯ ಕಾಯಬೇಕಾಗಿಲ್ಲ: ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ತಮಿಳಿನಲ್ಲೂ ಲಭ್ಯವಿದೆ; ಕಣಿವೆಯ ಆರೋಗ್ಯ ಕಾರ್ಯಕರ್ತೆಯರು ಅದನ್ನು ಮನೆಮನೆಗೆ ತಿಳಿಸಲಿ.