ಹಿತ್ತಲು ಕಾಯೋರು ಯಾರು?

ಬೇಲೂರು ಚೆನ್ನಕೇಶವನ ಗುಡಿಗೆ ಹೋದೋರೆಲ್ಲ ಕತ್ತೆತ್ತಿ ಮದನಿಕೆಯರನ್ನ ನೋಡ್ತಾರೆ. ಕನ್ನಡಿ ಹಿಡಿದವಳು, ಗಿಳಿ ಕೂರಿಸಿಕೊಂಡವಳು ಅಂತ ಗೈಡುಗಳು ತೋರಿಸ್ತಾ ಹೋಗ್ತಾರೆ. ಒಬ್ಬಳ ತಲೆ ಮೇಲಿನ ಬಳ್ಳಿ ಕೆತ್ತನೇಲಿ ಇನ್ನೊಂದು ಸಣ್ಣ ಸಂಗತಿ ಇದೆ. ಒಂದು ಹಣ್ಣು, ಅದರ ಮೇಲೊಂದು ನೊಣ, ನೊಣ ಹಿಡಿಯೋಕೆ ಹೊಂಚು ಹಾಕಿರೋ ಒಂದು ಹಲ್ಲಿ. ಗುಡಿ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಅಂದ್ರೆ ಒಂಬೈನೂರು ವರ್ಷದ ಹಿಂದೆ ನಮ್ಮ ಕಡೆ ಕಲ್ಲು ಕೆತ್ತೋನು ಹಿತ್ತಲಲ್ಲಿ ನಡೆಯೋದನ್ನ ಕಣ್ಣಿಟ್ಟು ನೋಡಿದ್ದ. ಹಣ್ಣಿಗೆ ನೊಣ, ನೊಣಕ್ಕೆ ಹಲ್ಲಿ. ಹಿತ್ತಲಿನ ಹುಳದ ಚರಿತ್ರೆ ಬರೀಬೇಕು ಅಂದ್ರೆ ನಾನು ಇಲ್ಲಿಂದಲೇ ಶುರು ಮಾಡ್ತೀನಿ.

ಅದಕ್ಕೂ ಸುಮಾರು ನೂರು ವರ್ಷ ಮುಂಚೆ, 1025ರಲ್ಲಿ, ಚಾವುಂಡರಾಯ ಅನ್ನೋ ಕವಿ ಕನ್ನಡದಲ್ಲಿ ‘ಲೋಕೋಪಕಾರ’ ಅಂತ ಒಂದು ಗ್ರಂಥ ಬರೆದ. ಶ್ರವಣಬೆಳಗೊಳದ ಗೊಮ್ಮಟನನ್ನ ಮಾಡಿಸಿದ ಚಾವುಂಡರಾಯ ಬೇರೆ, ಇವನು ಬೇರೆ. ಮನೆ ಕಟ್ಟೋದು, ನೀರಿನ ಸೆಲೆ ಹುಡುಕೋದು, ಅಡಿಗೆ, ದನದ ಕಾಯಿಲೆ ಇವೆಲ್ಲದರ ಜೊತೆ ಗಿಡ ಮರದ ಆರೈಕೆಗೂ ಅದರಲ್ಲಿ ಒಂದು ಭಾಗ ಉಂಟು. ಗಿಡಕ್ಕೂ ಕಾಯಿಲೆ ಬರ್ತದೆ, ಮದ್ದು ಮಾಡಬೇಕು ಅನ್ನೋದನ್ನ ಅಡಿಗೆ ಜೊತೆಗೇ ಇಟ್ಟು ಬರೆದಿದ್ದಾನೆ ನೋಡಿ, ಅದು ನನಗೆ ಹಿಡಿಸಿತು. ಹಿತ್ತಲು ಅಂದ್ರೆ ಅಡಿಗೆಮನೆಯ ಮುಂದುವರಿದ ಭಾಗ ತಾನೆ?

ನಮ್ಮ ಅತ್ತೆ ಕಾಲದವರೆಗೂ ಹಾಗೇ ಇತ್ತು. ಹಿತ್ತಲಿಗೆ ಬೇಕಾದ ಮದ್ದೆಲ್ಲ ಒಲೆ ಮುಂದೆ, ಕೊಟ್ಟಿಗೇಲಿ ಸಿಗ್ತಿತ್ತು. ಬೆಳಿಗ್ಗೆ ಒಲೆ ಬಳಿದ ಬೂದಿ ಜರಡಿ ಹಿಡಿದು, ಎಲೆ ಮೇಲೆ ಇಬ್ಬನಿ ಇರುವಾಗಲೇ ಅವರೆ, ಬದನೆ, ಕುಂಬಳದ ಬಳ್ಳಿ ಮೇಲೆ ಎರಚ್ತಿದ್ರು. ಇಬ್ಬನಿ ಇದ್ರೆ ಬೂದಿ ಅಂಟಿಕೊಳ್ತದೆ, ಮೆತ್ತನೆ ಮೈಯಿನ ಹೇನು ಅದರಲ್ಲಿ ಒಣಗ್ತದೆ, ಎಲೆ ತಿನ್ನೋ ದುಂಬಿಗೆ ಬಾಯಿಗೆ ಹಿಡಿಸೋಲ್ಲ. ಗೆದ್ದಲು ಬಂದ ಕಡೆ ಬುಡಕ್ಕೆ ಹೊಂಗೆ ಹಿಂಡಿ, ಬೇವಿನ ಹಿಂಡಿ. ಬದನೆ ಮಡಿ ಅಂಚಿಗೆ ಚೆಂಡುಹೂವು. ಅದರ ಬೇರು ಮಣ್ಣಿನೊಳಗಿನ ಜಂತುಹುಳನ ತಡೀತದೆ ಅಂತ ಈಗ ಕೃಷಿ ವಿಜ್ಞಾನಿಗಳೂ ಒಪ್ತಾರೆ. ಹೊಲದಲ್ಲಿ ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕೋ ಅಕ್ಕಡಿ ಸಾಲಿನ ಲೆಕ್ಕಾನೂ ಇದೇ. ಎಲ್ಲಾ ಒಂದೇ ಗಿಡ ಆದ್ರೆ ಹುಳಕ್ಕೆ ಹಬ್ಬ.

ಹಳೇದೆಲ್ಲ ಅಮೃತ ಅಂತ ನಾನು ಹೇಳೋಲ್ಲ. ಹೊಗೆಸೊಪ್ಪು ಕುದಿಸಿದ ನೀರು ಎರಚ್ತಿದ್ರಲ್ಲ, ಅದೂ ವಿಷಾನೇ. ಆದ್ರೆ ಎಷ್ಟು ಹಾಕಬೇಕು, ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅನ್ನೋದು ಹಾಕಿದೋರಿಗೇ ಗೊತ್ತಿರ್ತಿತ್ತು. ಯಾಕಂದ್ರೆ ತಿನ್ನೋರೂ ಅವರೇ.

ಆಮೇಲೆ ಬಂತು ಬಿಳಿ ಪುಡಿ. ಡಿಡಿಟಿ ಹುಳ ಕೊಲ್ತದೆ ಅಂತ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದ, 1948ರಲ್ಲಿ ಅದಕ್ಕೆ ನೊಬೆಲ್ ಬಹುಮಾನಾನೂ ಬಂತು. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಹಳ್ಳಿ ಹಳ್ಳಿಯ ಗೋಡೆಗೆ ಡಿಡಿಟಿ ಹೊಡೆದ್ರು. ಅದರಿಂದ ಎಷ್ಟೋ ಜೀವ ಉಳೀತು, ಅದನ್ನ ಮರೀಬಾರದು. ಆದ್ರೆ ಗೋಡೇಲಿದ್ದ ಪುಡಿ ಹಿತ್ತಲಿಗೂ ಇಳೀತು. ಗ್ಯಾಮಾಕ್ಸಿನ್ ಅಂತ ಕರೀತಿದ್ದ ಬಿಎಚ್‌ಸಿ ಪುಡೀನ ಇರುವೆಗೂ ಹಾಕಿದ್ರು, ಅವರೆ ಗಿಡಕ್ಕೂ ಹಾಕಿದ್ರು. ಬೂದಿ ಎರಚಿದ ಕೈಯಲ್ಲೇ ಇದನ್ನೂ ಎರಚೋದು! ಹುಳ ಪಟಪಟ ಉದುರಿದ್ದು ಎಲ್ಲರಿಗೂ ಕಾಣ್ತು. ಜೊತೆಗೆ ಗುಲಗಂಜಿ ಹುಳ, ಕಣಜ, ಜೇಡಾನೂ ಸತ್ತಿದ್ದನ್ನ ಯಾರೂ ಲೆಕ್ಕ ಹಾಕಲಿಲ್ಲ. ಆ ಪುಡಿ ಬೇಗ ಕರಗೋದಲ್ಲ. ಮಣ್ಣಲ್ಲಿ, ಹಾಲಲ್ಲಿ, ನಮ್ಮ ಮೈ ಕೊಬ್ಬಲ್ಲಿ ಉಳ್ಕೊಳ್ತದೆ. ಕಡೆಗೆ ಬೆಳೆಗೆ ಡಿಡಿಟಿ ಹಾಕೋದನ್ನ 1989ರಲ್ಲಿ, ಬಿಎಚ್‌ಸಿಯನ್ನ 1997ರಲ್ಲಿ ಸರ್ಕಾರ ನಿಲ್ಲಿಸ್ತು.

ಇದರ ಘೋರ ಕಂಡಿದ್ದು ನಮ್ಮ ಕನ್ನಡದೋರೇ ಇರೋ ಕಾಸರಗೋಡಲ್ಲಿ. ಅಲ್ಲಿನ ಗುಡ್ಡದ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಸುರಿದ್ರು. ಗುಡ್ಡದ ಕೆಳಗೆ ಮನೆ, ಬಾವಿ, ಹಿತ್ತಲು. ಎಣ್ಮಕಜೆ ಪಂಚಾಯ್ತಿಯ ಪಡ್ರೆ ಊರಲ್ಲಿ ಡಾಕ್ಟರು ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರೋ ರೋಗಿಗಳನ್ನ ನೋಡಿ, ಇದೇನು ಇಷ್ಟೊಂದು ಕಾಯಿಲೆ ಅಂತ ಕೇಳಿದ್ರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಬರೆದು ಲೋಕಕ್ಕೆ ತಿಳಿಸಿದ್ರು. ಕೈಕಾಲು ಸರಿಯಿಲ್ಲದ, ಬುದ್ಧಿ ಬೆಳೀದ ಮಕ್ಕಳನ್ನ ಮಡಿಲಲ್ಲಿಟ್ಟುಕೊಂಡ ತಾಯಂದಿರ ಫೋಟೋ ಪೇಪರಲ್ಲಿ ನೀವೂ ನೋಡಿರ್ತೀರಿ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅದನ್ನ ನಿಷೇಧಿಸ್ತು. ಹುಳ ಇದ್ದಿದ್ದು ಗೇರು ಮರದ ಮೇಲೆ, ಬೆಲೆ ತೆತ್ತಿದ್ದು ಹಿತ್ತಲು.

ಇನ್ನು ಪರಂಗಿ ಗಿಡದ ಕತೆ ಹೇಳ್ತೀನಿ. 2008ರಲ್ಲಿ ಕೊಯಮತ್ತೂರಲ್ಲಿ ಹೊಸ ಬಿಳಿ ಹಿಟ್ಟುತಿಗಣೆ ಕಾಣಿಸ್ತು. ಮೆಕ್ಸಿಕೋ ಕಡೇದು. ನೋಡ್ತಾ ನೋಡ್ತಾ ನಮ್ಮ ರಾಜ್ಯಕ್ಕೂ ಬಂದು ಪರಂಗಿ, ದಾಸವಾಳ, ಹಿಪ್ಪುನೇರಳೆ ಎಲ್ಲಾ ಹಿಟ್ಟು ಬಳಿದಂಗಾಯ್ತು. ಮೈಮೇಲೆ ಮೇಣ ಇರೋದ್ರಿಂದ ಔಷಧಿ ಒಳಗೆ ಇಳೀತಿರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರೋ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಸ್ಥೆಯೋರು 2010ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಣಜ ತರಿಸಿದ್ರು. ಅದು ಹಿಟ್ಟುತಿಗಣೆ ಹೊಟ್ಟೆಯೊಳಗೇ ಮೊಟ್ಟೆ ಇಡ್ತದೆ, ಮರಿ ಅದನ್ನೇ ತಿಂದು ಹೊರಗೆ ಬರ್ತದೆ. ಬೇರೆ ಗಿಡಕ್ಕೆ, ಬೇರೆ ಹುಳಕ್ಕೆ ತೊಂದರೆ ಇಲ್ಲ ಅಂತ ಪರೀಕ್ಷೆ ಮಾಡಿ ಬಿಟ್ರು. ಒಂದೆರಡು ವರ್ಷದಲ್ಲಿ ಆ ಪಿಡುಗು ತಗ್ಗಿಹೋಯ್ತು. ಬೇಲೂರಿನ ಹಲ್ಲಿ ಮಾಡಿದ ಕೆಲಸಾನೇ ಇದು, ಕೆಲಸಗಾರ ಮಾತ್ರ ಬೇರೆ.

ನಮ್ಮ ಅರಸೀಕೆರೆ ಕಡೆ ಹಿತ್ತಲು ಅಂದ್ರೆ ಎರಡು ತೆಂಗಿನ ಮರ ಇರಲೇಬೇಕು. ಕಪ್ಪುತಲೆ ಹುಳ ಗರಿ ಕೆರೆದು ತಿಂದು ಮರ ಸುಟ್ಟಂಗೆ ಮಾಡಿದಾಗಲೂ ಕಾಪಾಡಿದ್ದು ಗೋನಿಯೋಜಸ್ ಅನ್ನೋ ಕರೀ ಸಣ್ಣ ಕಣಜ. ಅದನ್ನ ತೋಟಗಾರಿಕೆ ಇಲಾಖೆಯೋರು ಸಾಕಿ ರೈತರಿಗೆ ಕೊಡ್ತಾರೆ. ನುಸಿ ಮಾತ್ರ ಇಷ್ಟು ಸುಲಭವಾಗಿ ಬಗ್ಗಲಿಲ್ಲ. 1998ರಲ್ಲಿ ಕೇರಳದಲ್ಲಿ ಕಂಡು ನಮ್ಮ ತನಕ ಬಂದು, ಕಾಯಿ ಕುಗ್ಗಿಸಿ ಸಿಪ್ಪೆ ಸೀಳಿಸ್ತು, ಕೊಬ್ಬರಿ ನಂಬಿದೋರ ಹೊಟ್ಟೆ ಮೇಲೆ ಹೊಡೀತು. ಅದಕ್ಕೆ ವಿಜ್ಞಾನಿಗಳು ಹೇಳಿದ ಮದ್ದು ಏನು ಗೊತ್ತೇ? 10 ಲೀಟರ್ ನೀರಿಗೆ 200 ಮಿಲಿ ಬೇವಿನೆಣ್ಣೆ, 200 ಗ್ರಾಂ ಅರೆದ ಬೆಳ್ಳುಳ್ಳಿ, 50 ಗ್ರಾಂ ಸೋಪು. ಸುತ್ತಿ ಸುತ್ತಿ ಮತ್ತೆ ಅಡಿಗೆಮನೆಗೇ ಬಂದ್ರು. 2016ರಲ್ಲಿ ಪೊಳ್ಳಾಚಿ ಕಡೆ ಕಂಡ ಸುರುಳಿ ಬಿಳಿನೊಣ ತೆಂಗಿನ ಗರಿಗೆ ಕಾಡಿಗೆ ಹಚ್ಚಿದಂಗೆ ಮಾಡಿದಾಗಲೂ, ವಿಷ ಹೊಡೀಬೇಡಿ, ಅದನ್ನ ತಿನ್ನೋ ಕಣಜ ತಾನೇ ಬಂದಿದೆ, ಅದಕ್ಕೆ ಬಿಡಿ ಅಂದ್ರು.

ಈಗ ಮನೇಲಿ ಗ್ಯಾಸು, ಬೂದಿಯೇ ಇಲ್ಲ. ಇಲ್ಲದ್ದಕ್ಕೆ ಕೊರಗೋದು ಬೇಡ, ನೋಡೋ ಕಣ್ಣು ಇದೆಯಲ್ಲ. ಬೆಳಿಗ್ಗೆ ಒಂದು ಸುತ್ತು ಹೋಗಿ ಎಲೆ ತಿರುಗಿಸಿ ನೋಡಿ. ಮೊಟ್ಟೆ ಗುಂಪು ಕಂಡ್ರೆ ಎಲೆ ಸಮೇತ ಕಿತ್ತು ಹಾಕಿ. ಹೇನಿಗೆ ನೀರು ರಭಸವಾಗಿ ಬಿಟ್ರೂ ಸಾಕು, ಬಗ್ಗದಿದ್ರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಸೇರಿಸಿ ಸಂಜೆ ಹೊತ್ತು ಹೊಡೀರಿ. ಗುಲಗಂಜಿ ಹುಳ ಇದ್ರೆ ಎರಡು ದಿನ ಕಾಯಿರಿ, ಅದರ ಮರಿ ಮೊಸಳೆ ಮರಿಯಂಗೆ ಕರ್ರಗೆ ಇರ್ತದೆ, ಕೆಟ್ಟ ಹುಳ ಅಂತ ಹೊಸಕಿಬಿಡಬೇಡಿ. ಓತಿಕ್ಯಾತನಿಗೆ ಮಕ್ಕಳು ಕಲ್ಲು ಹೊಡೆದ್ರೆ ಗದರಿಸಿ. ಅಂಗಡಿಯಿಂದ ಏನಾದ್ರೂ ತರಲೇಬೇಕಾದ್ರೆ ಡಬ್ಬಿ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅಂದ್ರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕಡೇದು ಹಸಿರು. ಕೆಂಪು ತ್ರಿಕೋನದ ಡಬ್ಬಿಗೆ ಸೊಪ್ಪು ಬೆಳೆಯೋ ಹಿತ್ತಲಲ್ಲಿ ಏನೂ ಕೆಲಸ ಇಲ್ಲ.

ಒಂದೆರಡು ಎಲೆ ತೂತಾದ್ರೆ ಆಗ್ಲಿ ಬಿಡಿ. ಆ ದಂಟಿನ ಸೊಪ್ಪು ತೊಳೆದು ಹೆಚ್ಚಿ ಮೊಮ್ಮಕ್ಕಳ ತಟ್ಟೆಗೆ ಬಡಿಸೋರು ನಾವೇ.